ನೋಯುವ ಗೊರಸಿಗೆ ಯಾರ ಆರೈಕೆ? ಪಶುವೈದ್ಯರು, ಫ್ಯಾರಿಯರ್, ಟ್ರಿಮ್ಮರ್, ತಜ್ಞ ಆಸ್ಪತ್ರೆ: ಒಂದು ಹೋಲಿಕೆ

ಕುದುರೆ ಕಲ್ಲಿನ ನೆಲದ ಮೇಲೆ ಹೆಜ್ಜೆಯಿಡಲು ಅಳುಕತೊಡಗಿದಾಗ ಮಾಲೀಕರು ಬಹುತೇಕ ಕೇಳುವ ಮೊದಲ ಪ್ರಶ್ನೆ, ಲಾಳ ಕಟ್ಟಿಸಬೇಕೋ ಅಥವಾ ಇರುವ ಲಾಳವನ್ನು ಬಿಚ್ಚಿಸಬೇಕೋ ಎಂಬುದು. ಪ್ರಶ್ನೆ ಸರಿಯಾದದ್ದೇ, ಆದರೆ ಅದರ ಸರದಿ ಇನ್ನೂ ಬಂದಿರುವುದಿಲ್ಲ. ಗೊರಸಿನ ನೋವು ಒಂದೇ ಕಾಯಿಲೆಯಲ್ಲ. ಒಳಗೆ ಕಟ್ಟಿಕೊಂಡ ಕೀವು, ಲ್ಯಾಮಿನೈಟಿಸ್ ಎಂಬ ಗೊರಸಿನ ಒಳಪದರಗಳ ಉರಿಯೂತ, ತೆಳುವಾದ ತಳ, ತಳದೊಳಗಿನ ಜಜ್ಜುಗಾಯ, ಗೊರಸಿನ ಹಿಂಭಾಗದೊಳಗಿರುವ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆಯ ಭಾಗದ ತೊಂದರೆ, ತಳದ ನಡುವಿನ ಮೆತ್ತನೆಯ ತ್ರಿಕೋನ ಭಾಗವಾದ ಫ್ರಾಗ್ ಕೊಳೆಯುವ ಥ್ರಷ್, ಗೊರಸಿನ ಗೋಡೆಯ ಬಿರುಕು, ಜೀವಂತ ಭಾಗಕ್ಕೆ ತೀರ ಹತ್ತಿರ ಹೊಡೆದ ಲಾಳದ ಮೊಳೆ, ಗೊರಸಿನೊಳಗಿನ ಮುಖ್ಯ ಮೂಳೆಯಾದ ಕಾಫಿನ್ ಮೂಳೆಯ ಮುರಿತ, ಇವೆಲ್ಲವೂ ಹೊರಗೆ ಒಂದೇ ಬಗೆಯ ಕುಂಟಾಗಿ ಕಾಣಬಹುದು. ಇವುಗಳಲ್ಲಿ ಕೆಲವನ್ನು ಚಾಕು ಮತ್ತು ಅರದಿಂದ ಸರಿಪಡಿಸಬಹುದು, ಕೆಲವನ್ನು ರಕ್ತ ಪರೀಕ್ಷೆಯಿಲ್ಲದೆ ಮುಟ್ಟುವುದೇ ವ್ಯರ್ಥ. ಆದ್ದರಿಂದ ಪಶುವೈದ್ಯರು, ಗೊರಸು ತಿದ್ದಿ ಲಾಳ ಕಟ್ಟುವ ಫ್ಯಾರಿಯರ್, ಲಾಳವಿಲ್ಲದೆ ಗೊರಸು ತಿದ್ದುವ ಟ್ರಿಮ್ಮರ್, ಇವರಲ್ಲಿ ಯಾರನ್ನು ಕರೆಸಬೇಕು ಎಂಬ ಆಯ್ಕೆಯು ನೋವಿನ ಕಾರಣವನ್ನು ಹಿಂಬಾಲಿಸಬೇಕೇ ಹೊರತು ಲಾಳ ಅಥವಾ ಬರಿಗೊರಸು ಎಂಬ ಒಂದು ಪಂಥದ ಮೇಲಿನ ಒಲವನ್ನಲ್ಲ.

ಕಾಯಬಾರದ ಸಂದರ್ಭಗಳು

ಮೂರು ಸಂದರ್ಭಗಳಲ್ಲಿ ಹೋಲಿಕೆಗೆ ಅವಕಾಶವಿಲ್ಲ, ಅದೇ ದಿನ ಪಶುವೈದ್ಯರು ಬರಬೇಕು. ಮೊದಲನೆಯದು, ಕುದುರೆ ಒಂದು ಕಾಲಿನ ಮೇಲೆ ಇದ್ದಕ್ಕಿದ್ದಂತೆ ಭಾರ ಹಾಕುವುದನ್ನೇ ನಿಲ್ಲಿಸಿದ್ದು. ಇದಕ್ಕೆ ಅತಿ ಸಾಮಾನ್ಯ ಕಾರಣ ಗೊರಸಿನೊಳಗಿನ ಕೀವೇ ಆದರೂ ಮೂಳೆ ಮುರಿದಾಗಲೂ ಕುದುರೆ ಹೀಗೆಯೇ ನಿಲ್ಲುತ್ತದೆ. ಎರಡನೆಯದು, ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂಗಾಲುಗಳಿಗೆ ದಾಟಿಸಿ, ತಿರುಗಲು ಒಲ್ಲದೆ ನಿಂತ ಕುದುರೆ. ಇದು ಲ್ಯಾಮಿನೈಟಿಸ್‌ನ ನಿಲುವು. ಇಂಥ ಕುದುರೆಯನ್ನು “ಸ್ವಲ್ಪ ನಡೆಸಿದರೆ ಸರಿಹೋದೀತು” ಎಂದು ನಡೆಸುವುದು ಬಹಳ ಕೆಟ್ಟ ಉಪಚಾರ, ಏಕೆಂದರೆ ಕಾಫಿನ್ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಟ್ಟಿರುವ ಪದರಗಳು ಸಡಿಲಗೊಳ್ಳುತ್ತಿರುವಾಗ ಪ್ರತಿ ಹೆಜ್ಜೆಯೂ ಅವನ್ನು ಇನ್ನಷ್ಟು ಹರಿಯುತ್ತದೆ. ವೈದ್ಯರು ಬರುವವರೆಗೆ ಲಾಯದಲ್ಲಿ ಮೆತ್ತನೆಯ ಹಾಸನ್ನು ದಪ್ಪವಾಗಿ ಹರಡಿ, ಗೊರಸುಗಳನ್ನು ಮಂಜುನೀರಿನಲ್ಲಿ ಇರಿಸಿ, ಕುದುರೆಯನ್ನು ನಿಂತಲ್ಲಿಯೇ ಬಿಡುವುದು ಸರಿ. ಮೂರನೆಯದು, ತಳಕ್ಕೆ ಅಥವಾ ಫ್ರಾಗ್‌ಗೆ ಮೊಳೆ ಚುಚ್ಚಿಕೊಂಡಿರುವುದು. ಕುದುರೆಯನ್ನು ಅಲುಗಾಡದಂತೆ ನಿಲ್ಲಿಸಿ ಮೊಳೆ ಇನ್ನೂ ಒಳಸೇರದಂತೆ ನೋಡಿಕೊಳ್ಳಲು ಸಾಧ್ಯವಿದ್ದರೆ, ಎಕ್ಸ್‌ರೇ ಆಗುವವರೆಗೆ ಅದನ್ನು ಕೀಳಬಾರದು; ಅದು ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಎಂಬುದನ್ನು ಆ ಚಿತ್ರವೇ ಹೇಳುತ್ತದೆ. ಕೀಳಲೇಬೇಕಾದರೆ ಚುಚ್ಚಿದ ಜಾಗವನ್ನು ಗುರುತು ಮಾಡಿ, ಒಳಹೋಗಿದ್ದ ಉದ್ದವನ್ನು ಬರೆದಿಟ್ಟುಕೊಳ್ಳಿ. ಟೆಟನಸ್ ಲಸಿಕೆಯ ದಿನಾಂಕವನ್ನೂ ಹುಡುಕಿಡಿ, ಕುದುರೆಗಳು ಆ ರೋಗಕ್ಕೆ ತೀರ ಸುಲಭವಾಗಿ ತುತ್ತಾಗುತ್ತವೆ.

ಫೋನ್ ಮಾಡುವ ಮುನ್ನ ಮಾಲೀಕರು ತಾವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಗೊರಸಿಗಿಂತ ಸ್ವಲ್ಪ ಮೇಲಿರುವ ಫೆಟ್‌ಲಾಕ್ ಕೀಲಿನ ಹಿಂಬದಿಯಲ್ಲಿ, ಒಳ ಮತ್ತು ಹೊರ ಮಗ್ಗುಲಿನ ಉಬ್ಬಿದ ಮೂಳೆಯ ಮೇಲೆ ಎರಡು ಬೆರಳುಗಳನ್ನು ಹಗುರವಾಗಿ ಇಟ್ಟು ಅಡ್ಡಡ್ಡ ಸವರಿದರೆ, ನರ ಮತ್ತು ರಕ್ತನಾಳಗಳ ಒಂದು ಸಣ್ಣ ಹುರಿ ಬೆರಳಿನಡಿ ಜಾರುತ್ತದೆ. ಅದರ ಮೇಲೆ ಒತ್ತಡವನ್ನು ಒಂದಿಷ್ಟು ಸಡಿಲಿಸಿ ಕಾದರೆ ನಾಡಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಇದನ್ನು ಹುಡುಕಲು ಕಷ್ಟಪಡಬೇಕಾಗುತ್ತದೆ. ನೋಯುವ ಗೊರಸಿನಲ್ಲಿ ಅದು ಬೆರಳನ್ನು ಬಡಿಯುತ್ತದೆ. ನಾಲ್ಕೂ ಕಾಲುಗಳಲ್ಲಿ ಹೋಲಿಸಿ ನೋಡಿ. ಒಂದೇ ಕಾಲಿನಲ್ಲಿ ಜೋರಾಗಿದ್ದರೆ ಕೀವು, ಜಜ್ಜುಗಾಯ ಅಥವಾ ಮೊಳೆಯ ಸಾಧ್ಯತೆ ಹೆಚ್ಚು; ಎರಡೂ ಮುಂಗಾಲುಗಳಲ್ಲಿ ಜೋರಾಗಿದ್ದು ಗೊರಸುಗಳೂ ಬಿಸಿಯಾಗಿದ್ದರೆ ಲ್ಯಾಮಿನೈಟಿಸ್‌ನ ಶಂಕೆ ಬಲವಾಗುತ್ತದೆ. ಕುದುರೆ ಆರೋಗ್ಯವಾಗಿರುವಾಗಲೇ ಇದನ್ನು ಅಭ್ಯಾಸ ಮಾಡಿಕೊಂಡವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಪಶುವೈದ್ಯರು: ಕಾರಣ ಹುಡುಕುವವರು

ಎಕ್ಸ್‌ರೇ ತೆಗೆದು ಓದುವುದು, ನರವನ್ನು ಮರಗಟ್ಟಿಸಿ ನೋವಿನ ನೆಲೆಯನ್ನು ಗುರುತಿಸುವುದು, ರಕ್ತ ಪರೀಕ್ಷೆ, ಔಷಧ, ಇವು ಪಶುವೈದ್ಯರ ಕೆಲಸ. ಗೊರಸಿನ ಆಕಾರವನ್ನು ತಿದ್ದುವುದು ಸಾಮಾನ್ಯವಾಗಿ ಅವರ ಕೆಲಸವಲ್ಲ. ಹಾಗಾಗಿ ಅವರಿಂದ ನಿರೀಕ್ಷಿಸಬೇಕಾದದ್ದು ಒಂದು ಸ್ಪಷ್ಟ ಹೆಸರು: ಯಾವ ಅಂಗರಚನೆ, ಯಾವ ಕಾರಣಕ್ಕೆ ನೋಯುತ್ತಿದೆ.

ನೋಡಬೇಕಾದದ್ದು ಪರೀಕ್ಷೆಯ ಕ್ರಮ. ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ, ಸಣ್ಣ ಸುತ್ತಿನಲ್ಲಿ ತಿರುಗಿಸಿ ನೋಡದೆ, ಹೂಫ್ ಟೆಸ್ಟರ್ ಎಂಬ ಇಕ್ಕಳದಿಂದ ತಳವನ್ನು ಅಂಗುಲ ಅಂಗುಲವಾಗಿ ಒತ್ತಿ ನೋಡದೆ ನೇರವಾಗಿ ನೋವು ನಿವಾರಕ ಬರೆದುಕೊಟ್ಟರೆ ಅದು ಪರೀಕ್ಷೆಯಾಗಲಿಲ್ಲ. ಮಾಲೀಕರೂ ಪರೀಕ್ಷೆಗೆ ಮೊದಲು ಫಿನೈಲ್‌ಬ್ಯುಟಾಜೋನ್‌ನಂತಹ ನೋವು ನಿವಾರಕವನ್ನು ತಾವಾಗಿಯೇ ಕೊಡಬಾರದು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು, ಏಕೆಂದರೆ ಅದು ಹುಡುಕಬೇಕಾದ ನೋವನ್ನೇ ಅಡಗಿಸುತ್ತದೆ. ಅಮೆರಿಕದ ಕುದುರೆ ವೈದ್ಯರ ಸಂಘದ 0ಯಿಂದ 5ರವರೆಗಿನ ಕುಂಟಿನ ಮಾಪಕವಾಗಲಿ, ಲ್ಯಾಮಿನೈಟಿಸ್‌ಗೆ 1948ರಿಂದ ಬಳಕೆಯಲ್ಲಿರುವ ಒಬೆಲ್ ಶ್ರೇಣಿಯಾಗಲಿ, ಯಾವುದಾದರೂ ಒಂದು ಅಳತೆಯನ್ನು ಬರೆದಿಡುವ ವೈದ್ಯರು ಮುಂದಿನ ಭೇಟಿಯಲ್ಲಿ ಸುಧಾರಣೆಯನ್ನು ಅಂದಾಜಿನಿಂದಲ್ಲದೆ ಹೋಲಿಕೆಯಿಂದ ಹೇಳಬಲ್ಲರು.

ನರವನ್ನು ಮರಗಟ್ಟಿಸುವ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಹಿಮ್ಮಡಿಯ ಬಳಿ ಚುಚ್ಚುಮದ್ದು ಕೊಟ್ಟಾಗ ಕುಂಟು ಮಾಯವಾದರೆ ತೊಂದರೆ ನ್ಯಾವಿಕ್ಯುಲರ್ ಮೂಳೆಯದೇ ಎಂದು ಹಿಂದೆ ಸುಲಭವಾಗಿ ತೀರ್ಮಾನಿಸುತ್ತಿದ್ದರು. ವಾಸ್ತವದಲ್ಲಿ ಆ ಚುಚ್ಚುಮದ್ದು ತಳದ ಬಹುಭಾಗವನ್ನೂ ಕಾಫಿನ್ ಕೀಲನ್ನೂ ಮರಗಟ್ಟಿಸಬಲ್ಲದು, ಆದ್ದರಿಂದ ಅದು “ನೋವು ಗೊರಸಿನೊಳಗಿದೆ” ಎಂಬುದಕ್ಕೆ ಒಳ್ಳೆಯ ಸಾಕ್ಷಿ, ಅದಕ್ಕಿಂತ ಹೆಚ್ಚಿಗೆ ದುರ್ಬಲ ಸಾಕ್ಷಿ. ನ್ಯಾವಿಕ್ಯುಲರ್ ಎಂಬ ಹಣೆಪಟ್ಟಿಯನ್ನು ಇಷ್ಟರ ಮೇಲೆಯೇ ಹಚ್ಚಿದ್ದರೆ ಎರಡನೆಯ ಅಭಿಪ್ರಾಯ ಪಡೆಯುವುದು ಅತಿಯಾದ ಅನುಮಾನವೆನಿಸದು.

ಎಕ್ಸ್‌ರೇ ತೆಗೆಸುವುದಾದರೆ ಅದು ಫ್ಯಾರಿಯರ್‌ಗೂ ಉಪಯೋಗಕ್ಕೆ ಬರುವಂತಿರಬೇಕು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಗೊರಸಿನ ಮುಂಗೋಡೆಯ ಮೇಲೆ ಲೋಹದ ಗುರುತು ಇದ್ದರೆ, ಗೋಡೆಗೂ ಕಾಫಿನ್ ಮೂಳೆಗೂ ನಡುವಿನ ಕೋನ, ಮೂಳೆಯ ತುದಿಯಡಿಯ ತಳದ ದಪ್ಪ ಎರಡನ್ನೂ ಅಳೆಯಬಹುದು. ತಳದ ದಪ್ಪ ಸುಮಾರು 15 ಮಿಲಿಮೀಟರ್ ಇದ್ದರೆ ನೆಮ್ಮದಿ. 10ಕ್ಕಿಂತ ಕೆಳಗಿಳಿದರೆ ಆ ಕುದುರೆ ಕಲ್ಲುನೆಲದಲ್ಲಿ ನೋಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲದಿರಬಹುದು.

ಫ್ಯಾರಿಯರ್: ಭಾರವನ್ನು ಮರುಹಂಚುವವರು

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಮುಂತುದಿಯಲ್ಲಿ ಮೇಲಿನಿಂದ ನೆಲದವರೆಗೆ ಹೊಸ ಗೋಡೆ ಇಳಿಯಲು 9ರಿಂದ 12 ತಿಂಗಳು ಹಿಡಿಯುತ್ತದೆ. ಆಯ್ಕೆ ಮಾಡುವಾಗ ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ನಿಮಗೆ ಬೇಕಾಗಿರುವುದು ಒಂದು ದಿನ ಬಂದು ಅದ್ಭುತ ಮಾಡಿ ಹೋಗುವವರಲ್ಲ, ಒಂದು ವರ್ಷ ಕಾಲ ನಾಲ್ಕರಿಂದ ಆರು ವಾರಗಳಿಗೊಮ್ಮೆ ತಪ್ಪದೆ ಬರುವವರು. ದೂರದ ಪ್ರಖ್ಯಾತರು ಮೂರು ತಿಂಗಳಿಗೊಮ್ಮೆ ಬರುವುದಕ್ಕಿಂತ ಹತ್ತಿರದ ಸಮರ್ಥರು ವೇಳೆಗೆ ಸರಿಯಾಗಿ ಬರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂತುದಿ ಉದ್ದವಾಗಿ ಹಿಮ್ಮಡಿ ಕುಸಿದ ಗೊರಸಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಪ್ರತಿ ಹೆಚ್ಚುವರಿ ವಾರದ ಬೆಳವಣಿಗೆಯೂ ಸನ್ನೆಕೋಲನ್ನು ಉದ್ದ ಮಾಡಿ, ಹೆಜ್ಜೆ ಎತ್ತುವಾಗ ಪದರಗಳನ್ನೂ ಹಿಂಭಾಗದ ಸ್ನಾಯುರಜ್ಜನ್ನೂ ಜಗ್ಗುತ್ತದೆ.

ದಿನನಿತ್ಯದ ಲಾಳ ಕಟ್ಟುವವರಿಗೂ ಚಿಕಿತ್ಸಕ ಲಾಳಗಳಲ್ಲಿ ಪಳಗಿದವರಿಗೂ ಅಂತರವಿದೆ. ಎರಡನೆಯವರು ನೋವಿನ ಕಾರಣಕ್ಕೆ ತಕ್ಕ ಸಾಧನವನ್ನು ಆರಿಸಬಲ್ಲರು: ಫ್ರಾಗ್‌ಗೆ ಭಾರ ಹಂಚುವ ಹಾರ್ಟ್ ಬಾರ್, ಹಿಮ್ಮಡಿಗೆ ಆಸರೆ ಕೊಡುವ ಎಗ್ ಬಾರ್, ತಳವನ್ನು ನೆಲದಿಂದ ಕಾಯುವ ಅಗಲ ಪಟ್ಟಿಯ ಲಾಳ ಮತ್ತು ಪ್ಯಾಡ್, ಹೆಜ್ಜೆಯ ಉರುಳುವಿಕೆಯನ್ನು ಹಗುರಗೊಳಿಸುವ ಬಾಗಿದ ಮುಂತುದಿ. ಲ್ಯಾಮಿನೈಟಿಸ್‌ನ ಉರಿಯಿರುವಾಗ ಸುತ್ತಿಗೆಯ ಏಟೇ ಹಿಂಸೆಯಾದ್ದರಿಂದ ಅವರು ಅಂಟಿನ ಲಾಳ, ನೊರೆಯಂತಹ ಮೆತ್ತೆ ಅಥವಾ ಗೊರಸಿನ ಪಟ್ಟಿಯ ಕಡೆಗೆ ತಿರುಗುತ್ತಾರೆ. ಇಂಥ ಪರ್ಯಾಯಗಳ ಅನುಭವವೇ ಇಲ್ಲದವರು ಅದೇ ನೋಯುವ ಗೊರಸಿಗೆ ಮೊಳೆ ಹೊಡೆಯುವುದೊಂದನ್ನೇ ಬಲ್ಲರು.

ಅರ್ಹತಾಪತ್ರದ ತೂಕ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 1975ರ ಕಾಯ್ದೆಯ ಪ್ರಕಾರ ನೋಂದಾಯಿತ ಫ್ಯಾರಿಯರ್‌ಗಳಷ್ಟೇ ಲಾಳ ಕಟ್ಟಬಹುದು; ಅಮೆರಿಕದಲ್ಲಿ ಪ್ರಮಾಣಪತ್ರ ಸ್ವಯಂಪ್ರೇರಿತ, ಪಡೆಯದೆಯೂ ಕೆಲಸ ಮಾಡಬಹುದು. ಆದ್ದರಿಂದ ಕಾಗದವನ್ನು ಕೇಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ, ಕೆಲಸ ಮಾಡುವ ರೀತಿಯನ್ನು ಗಮನಿಸಿ. ಗೊರಸು ಎತ್ತುವ ಮೊದಲು ಕುದುರೆಯನ್ನು ನಡೆಸಿ ನೋಡಿದರೇ? ಗೊರಸು ಹಿಮ್ಮಡಿಯಿಂದ ನೆಲ ಮುಟ್ಟುತ್ತದೆಯೋ ಮುಂತುದಿಯಿಂದಲೋ ಎಂದು ಗಮನಿಸಿದರೇ? ಕೆಲಸ ಮುಗಿದ ಮೇಲೆ ಮತ್ತೆ ನಡೆಸಿದರೇ? ಒಂದು ಕಾಲಿನ ಮೇಲೆ ನಿಲ್ಲಲಾರದ ಕುದುರೆಗೆ ನಡುನಡುವೆ ಬಿಡುವು ಕೊಟ್ಟರೇ, ಅಥವಾ ಒದರಿ ನಿಲ್ಲಿಸಿದರೇ? ನೋಯುವ ಕುದುರೆ ಕಾಲು ಕಿತ್ತುಕೊಳ್ಳುವುದನ್ನು ಹಟವೆಂದು ಕರೆಯುವವರ ಕೈಗೆ ಆ ಕುದುರೆಯನ್ನು ಕೊಡಬಾರದು.

ಲಾಳ ಕಟ್ಟಿಸಿದ ಮೇಲೆಯೇ ನೋವು ಶುರುವಾಗಿದ್ದರೆ ಸಮಯವನ್ನು ಲೆಕ್ಕ ಹಾಕಿ. ಮೊಳೆ ಜೀವಂತ ಭಾಗಕ್ಕೇ ಹೊಕ್ಕಿದ್ದರೆ ಕುದುರೆ ಆ ಕ್ಷಣವೇ ಕಾಲು ಎಳೆದುಕೊಳ್ಳುತ್ತದೆ. ಜೀವಂತ ಭಾಗಕ್ಕೆ ಒತ್ತುವಷ್ಟು ಹತ್ತಿರ ಹೋಗಿದ್ದರೆ ನೋವು ಕೆಲವು ದಿನ ಬಿಟ್ಟು ಬರುತ್ತದೆ. ಎರಡರಲ್ಲಿಯೂ ಲಾಳ ಕಟ್ಟಿದವರಿಗೇ ಮೊದಲು ತಿಳಿಸುವುದು ನ್ಯಾಯ. ತಕ್ಷಣ ಬಂದು ಮೊಳೆ ತೆಗೆಯುವವರು ಉಳಿಸಿಕೊಳ್ಳತಕ್ಕ ಫ್ಯಾರಿಯರ್. ಇಂಥ ಆಕಸ್ಮಿಕ ಒಳ್ಳೆಯ ಕೈಗಳಿಂದಲೂ ಆಗುತ್ತದೆ.

ಬರಿಗೊರಸಿನ ಟ್ರಿಮ್ಮರ್‌ಗಳು

ಲಾಳವಿಲ್ಲದೆ, ಅರ ಮತ್ತು ಚಾಕುವಿನಿಂದಷ್ಟೇ ಗೊರಸನ್ನು ರೂಪಿಸುವ ಟ್ರಿಮ್ಮರ್‌ಗಳ ಕುರಿತು ವಾದ ಬಿಸಿಯೇರುವುದು ಬೇಗ. ಅವರ ಪಕ್ಷದಲ್ಲಿ ಹೇಳಬೇಕಾದದ್ದಿದೆ. ಫ್ರಾಗ್ ಮತ್ತು ಹಿಮ್ಮಡಿಯ ಮೆತ್ತೆ ನೆಲಕ್ಕೆ ತಾಗಿ ಕೆಲಸ ಮಾಡಿದಾಗ ಬಲಗೊಳ್ಳುತ್ತವೆ, ಸಣ್ಣ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ತಿದ್ದುವ ಅವರ ಪದ್ಧತಿ ಗೊರಸಿಗೆ ಹಿತ, ಆಹಾರದ ಸಕ್ಕರೆಯ ಬಗ್ಗೆ ಅವರು ಕೇಳುವ ಪ್ರಶ್ನೆಗಳನ್ನು ಎಷ್ಟೋ ಕಡೆ ಬೇರೆ ಯಾರೂ ಕೇಳುವುದಿಲ್ಲ. ಹಿಮ್ಮಡಿ ದುರ್ಬಲವಾಗಿ ಮುಂತುದಿಯಿಂದ ಹೆಜ್ಜೆಯಿಡುವ ಕುದುರೆಗಳಲ್ಲಿ ಕೆಲವು ಈ ದಾರಿಯಲ್ಲಿ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ.

ತರಬೇತಿಯ ವಿಷಯದಲ್ಲಿ ಮಾತ್ರ ಏರುಪೇರು ಬಹಳ. ವರ್ಷಗಟ್ಟಲೆ ಕಲಿತವರೂ ಇದ್ದಾರೆ, ವಾರಾಂತ್ಯದ ಶಿಬಿರ ಮುಗಿಸಿ ಹಲಗೆ ತೂಗುಹಾಕಿದವರೂ ಇದ್ದಾರೆ. ಇವರಿಬ್ಬರನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕಾಗುತ್ತದೆ: “ಟ್ರಿಮ್ ಆದ ಮೇಲೆ ಕುದುರೆ ನೋಯತೊಡಗಿದರೆ ಏನು ಮಾಡುತ್ತೀರಿ?” ತಾನು ಹೆಚ್ಚು ತೆಗೆದೆನೇ ಎಂದು ಪರಿಶೀಲಿಸುತ್ತೇನೆ, ಅಲ್ಲಿಯವರೆಗೆ ಪ್ಯಾಡ್ ಹಾಕಿದ ಹೂಫ್ ಬೂಟ್, ಅಂದರೆ ಗೊರಸಿಗೆ ತೊಡಿಸುವ ಪಾದರಕ್ಷೆ, ತೊಡಿಸುತ್ತೇನೆ, ಕಡಿಮೆಯಾಗದಿದ್ದರೆ ಪಶುವೈದ್ಯರನ್ನು ಕರೆಸಲು ಹೇಳುತ್ತೇನೆ ಎಂಬುದು ಒಳ್ಳೆಯ ಉತ್ತರ. ತಿಂಗಳುಗಟ್ಟಲೆ ಕುಂಟುವುದು “ಪರಿವರ್ತನೆಯ ಸಹಜ ಹಂತ” ಎಂದರೆ, ಅಥವಾ ಗೊರಸಿನಿಂದ ವಿಷ ಹೊರಬರುತ್ತಿದೆ ಎಂದರೆ ಮಾತು ಅಲ್ಲಿಗೇ ಮುಗಿಯಬೇಕು. ಜೀವಂತ ತಳವನ್ನು ಕೆತ್ತಿ ತೆಳುಮಾಡುವ ಕೈ, ಅದು ಟ್ರಿಮ್ಮರ್‌ನದಾಗಲಿ ಫ್ಯಾರಿಯರ್‌ನದಾಗಲಿ, ನೋವನ್ನು ಹುಟ್ಟಿಸುತ್ತದೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ತಳ ಬಾಗಿದರೆ ಅಲ್ಲಿ ತೆಗೆಯಬೇಕಾದದ್ದು ಏನೂ ಉಳಿದಿಲ್ಲ.

ತಜ್ಞ ಆಸ್ಪತ್ರೆ

ಎಂಆರ್‌ಐ ಬೇಕಾದಾಗ, ಚುಚ್ಚುಗಾಯ ನ್ಯಾವಿಕ್ಯುಲರ್ ಚೀಲದವರೆಗೆ ಹೋಗಿರುವ ಶಂಕೆಯಿದ್ದಾಗ, ಗೊರಸಿನೊಳಗೆ ಗೆಡ್ಡೆ ಕಂಡಾಗ, ಕಾಫಿನ್ ಮೂಳೆ ಮುರಿದಿರುವಾಗ, ಅಥವಾ ಲ್ಯಾಮಿನೈಟಿಸ್‌ನಲ್ಲಿ ಮೂಳೆ ತಿರುಗುತ್ತಲೇ ಹೋಗಿ ಸ್ನಾಯುರಜ್ಜನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ತಜ್ಞ ಆಸ್ಪತ್ರೆಗೆ ಬದಲಿ ಇಲ್ಲ. ಚುಚ್ಚುಗಾಯದ ವಿಷಯದಲ್ಲಿ ಗಂಟೆಗಳೂ ಮುಖ್ಯ. ಉಳಿದ ಹೊತ್ತಿನಲ್ಲಿ ಪ್ರಯಾಣದ ಹಾನಿಯನ್ನೂ ತಕ್ಕಡಿಗೆ ಹಾಕಬೇಕು, ಏಕೆಂದರೆ ತೀವ್ರ ಲ್ಯಾಮಿನೈಟಿಸ್ ಇರುವ ಕುದುರೆಗೆ ಅಲುಗಾಡುವ ವಾಹನದಲ್ಲಿ ದೂರ ನಿಂತು ಹೋಗುವುದೇ ಒಂದು ಗಾಯ. ಬಹಳ ಸಲ, ಸ್ಥಳೀಯ ವೈದ್ಯರು ತೆಗೆದ ಎಕ್ಸ್‌ರೇಗಳನ್ನು ತಜ್ಞರಿಗೆ ಕಳಿಸಿ, ಫ್ಯಾರಿಯರ್ ಕೂಡ ಇರುವಾಗ ಫೋನಿನಲ್ಲಿ ಮಾತಾಡಿದರೆ ಕೆಲಸ ಆಗುತ್ತದೆ. ಕೇವಲ ಮೊಬೈಲ್ ಫೋಟೋ ನೋಡಿ ದೂರದಿಂದ ಟ್ರಿಮ್ ಹೇಳಿಕೊಡುವ ಸೇವೆ ಇದಕ್ಕೆ ಸಮನಲ್ಲ. ಕೋನ ತುಸು ಬದಲಾದರೂ ಫೋಟೋದಲ್ಲಿ ಗೊರಸಿನ ಆಕಾರ ಬೇರೆಯಾಗಿ ಕಾಣುತ್ತದೆ, ಒಳಗಿನ ಮೂಳೆ ಕಾಣುವುದೇ ಇಲ್ಲ.

ಈಗ ಲಾಳದ ಪ್ರಶ್ನೆ

ಕಾರಣ ತಿಳಿದ ಮೇಲೆ ಲಾಳ, ಬರಿಗೊರಸು, ಬೂಟ್ ಇವುಗಳ ನಡುವಣ ಜಗಳ ಅರ್ಧ ತಣ್ಣಗಾಗುತ್ತದೆ. ಕೀವಿದ್ದರೆ ಮೂರೂ ಮುಖ್ಯವಲ್ಲ. ಅದಕ್ಕೆ ಸಣ್ಣ ದಾರಿ ಮಾಡಿ ಬಸಿದು, ಪಟ್ಟಿ ಕಟ್ಟಿ, ಒಣಗಿಸುವುದೇ ಚಿಕಿತ್ಸೆ, ಬಸಿದ ಒಂದೆರಡು ದಿನದಲ್ಲಿ ಕುದುರೆ ಗಮನಾರ್ಹವಾಗಿ ಸುಧಾರಿಸದಿದ್ದರೆ ಎಕ್ಸ್‌ರೇ ಬೇಕು. ತೆಳು ತಳಕ್ಕೆ ಬೂಟ್ ಒಳ್ಳೆಯ ಆರಂಭ: ಹಾಕಿ ತೆಗೆಯಬಹುದು, ಮೊಳೆಯ ತೂತಿಲ್ಲ, ಒಳಗಿನ ಪ್ಯಾಡ್ ಬದಲಿಸಿ ಯಾವುದು ಹಿತವೆಂದು ಕುದುರೆಯನ್ನೇ ಕೇಳಬಹುದು. ಹಗಲಿರುಳೂ ತೊಡಿಸಿಟ್ಟರೆ ಹಿಮ್ಮಡಿ ಉಜ್ಜಿ ಗಾಯವಾಗುತ್ತದೆ, ಒಳಗೆ ತೇವ ನಿಂತು ಥ್ರಷ್ ಬರುತ್ತದೆ, ದಿನವೂ ಬಿಚ್ಚಿ ಒಣಗಿಸುವವರು ಬೇಕು. ಅಷ್ಟು ಕೈ ಇಲ್ಲದ ಕಡೆ ಪ್ಯಾಡ್ ಇಟ್ಟ ಲಾಳವೇ ವಾಸಿ. ಗೋಡೆಯ ಬಿರುಕು ಆಳವಾಗಿ ಅಲುಗಾಡುತ್ತಿದ್ದರೆ ಬಾರ್ ಲಾಳದ ಸ್ಥಿರತೆ ಬೇಕಾಗುತ್ತದೆ. ಥ್ರಷ್‌ಗೆ ಶುಚಿಯಾದ ಒಣ ಲಾಯವೇ ಅರ್ಧ ಔಷಧ.

ಲ್ಯಾಮಿನೈಟಿಸ್‌ನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚು ಹಣ ಮತ್ತು ಹೆಚ್ಚು ಸಮಯ ವ್ಯರ್ಥವಾಗುವುದು ಇಲ್ಲಿಯೇ. ಅದರ ಬಹುಪಾಲು ಪ್ರಕರಣಗಳ ಮೂಲ ಹಾರ್ಮೋನಿನದು: ಇನ್ಸುಲಿನ್ ನಿಯಂತ್ರಣ ತಪ್ಪಿದ ದಪ್ಪ ಕುದುರೆಗಳಲ್ಲಿ, ಅಥವಾ ಪಿಟ್ಯುಟರಿ ಗ್ರಂಥಿಯ ಕಾಯಿಲೆಯಿರುವ ವಯಸ್ಸಾದ ಕುದುರೆಗಳಲ್ಲಿ. ಇನ್ಸುಲಿನ್ ಮತ್ತು ಎಸಿಟಿಎಚ್ (ಪಿಟ್ಯುಟರಿ ಗ್ರಂಥಿಯ ಒಂದು ಹಾರ್ಮೋನು) ಪರೀಕ್ಷೆ ಮಾಡಿಸದೆ, ಹುಲ್ಲಿನ ಸಕ್ಕರೆ ಮತ್ತು ಪಿಷ್ಟದ ಅಂಶವನ್ನು ಶೇಕಡ 10–12ರ ಒಳಗೆ ತರದೆ, ಬೇಕಾದಲ್ಲಿ ಪಿಟ್ಯುಟರಿ ಕಾಯಿಲೆಯ ಔಷಧವಾದ ಪರ್ಗೊಲೈಡ್ ಆರಂಭಿಸದೆ ಎಂಥ ಕುಶಲ ಫ್ಯಾರಿಯರ್ ಬಂದರೂ ಮುಂದಿನ ಏಟು ಬಂದೇ ಬರುತ್ತದೆ. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ ತಿನ್ನಿಸಿದರೆ ಸಕ್ಕರೆ ಇಳಿಯುತ್ತದೆ, ಎಷ್ಟು ಇಳಿಯಿತೆಂಬುದು ಹುಲ್ಲಿನಿಂದ ಹುಲ್ಲಿಗೆ ಬೇರೆ. ಗೊರಸಿನ ಪೂರಕಗಳಲ್ಲಿ ಬಯೋಟಿನ್‌ಗೆ ಮಾತ್ರ ಗಟ್ಟಿ ಆಧಾರವಿದೆ, ಅದೂ ದಿನಕ್ಕೆ 15–20 ಮಿಲಿಗ್ರಾಂನಂತೆ ತಿಂಗಳುಗಟ್ಟಲೆ ಕೊಟ್ಟಾಗ, ಹೊಸದಾಗಿ ಬೆಳೆಯುವ ಗೋಡೆಯಲ್ಲಿ ಮಾತ್ರ. ಇಂದು ನೋಯುತ್ತಿರುವ ತಳಕ್ಕೆ ಅದರಿಂದ ಪ್ರಯೋಜನವಿಲ್ಲ.

ಇಬ್ಬರ ಮಾತು ಬೇರೆಯಾದಾಗ

ವೈದ್ಯರು ಹಿಮ್ಮಡಿ ಎತ್ತಬೇಕೆಂದೂ ಫ್ಯಾರಿಯರ್ ಇಳಿಸಬೇಕೆಂದೂ ಹೇಳಿ, ಮಾಲೀಕರು ನಡುವೆ ಸುದ್ದಿ ಮುಟ್ಟಿಸುವವರಾಗಿ ಉಳಿಯುವುದು ಸಾಮಾನ್ಯ ದೃಶ್ಯ. ಈ ಸ್ಥಿತಿಯಲ್ಲಿ ಯಾರು ಸರಿ ಎಂದು ಮಾಲೀಕರು ತೀರ್ಪು ಕೊಡುವ ಅಗತ್ಯವಿಲ್ಲ. ಇಬ್ಬರನ್ನೂ ಒಂದೇ ಎಕ್ಸ್‌ರೇಯ ಮುಂದೆ, ಸಾಧ್ಯವಾದರೆ ಕುದುರೆಯ ಪಕ್ಕದಲ್ಲಿಯೇ, ನಿಲ್ಲಿಸಬೇಕು. ಮೂಳೆಯ ಚಿತ್ರ ಎದುರಿಗಿದ್ದಾಗ ವಾದ ಬೇಗ ಮಿಲಿಮೀಟರಿನ ಲೆಕ್ಕಕ್ಕೆ ಇಳಿಯುತ್ತದೆ. ಬರಲೊಲ್ಲದವರು, ಚಿತ್ರ ನೋಡುವ ಅಗತ್ಯವೇ ಇಲ್ಲವೆನ್ನುವವರು ಯಾರೋ ಅವರನ್ನು ಬಿಡುವುದೇ ಸುಲಭವಾದ ತೀರ್ಮಾನ. ಒಬ್ಬೊಬ್ಬರೇ ಪ್ರಸಿದ್ಧರಾದ ಇಬ್ಬರಿಗಿಂತ ಪರಸ್ಪರ ಮಾತಾಡುವ ಇಬ್ಬರು ಸಾಧಾರಣರಿಂದ ನೋಯುವ ಗೊರಸಿಗೆ ಹೆಚ್ಚು ಲಾಭ.

ಬದಲಿಸುವ ಮುನ್ನ ಕಾಲಾವಕಾಶ ಎಷ್ಟು ಕೊಡಬೇಕೆಂಬುದಕ್ಕೆ ಎರಡು ಅಳತೆಗಳಿವೆ. ನೆಮ್ಮದಿಯ ಅಳತೆ ಚಿಕ್ಕದು: ಸರಿಯಾದ ಟ್ರಿಮ್, ಪ್ಯಾಡ್ ಅಥವಾ ಲಾಳದಿಂದ ಕುದುರೆ ಕೆಲವೇ ದಿನಗಳಲ್ಲಿ ಹೆಚ್ಚು ನಿರಾಳವಾಗಿ ನಡೆಯಬೇಕು, ಕನಿಷ್ಠ ಪಕ್ಷ ಮೊದಲಿಗಿಂತ ಹೆಚ್ಚು ನೋಯಬಾರದು. ಆಕಾರದ ಅಳತೆ ದೊಡ್ಡದು: ಎರಡು ಮೂರು ಭೇಟಿಗಳ ನಂತರ, ಮೇಲಿನಿಂದ ಇಳಿಯುತ್ತಿರುವ ಹೊಸ ಗೋಡೆ ಹಳೆಯದಕ್ಕಿಂತ ಬಿಗಿಯಾದ ಕೋನದಲ್ಲಿ ಬರುತ್ತಿದೆಯೇ ಎಂದು ನೋಡಬೇಕು. ಪ್ರತಿ ಭೇಟಿಗೂ ಮೊದಲು ಮತ್ತು ನಂತರ, ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ, ಪಕ್ಕದಿಂದಲೂ ಎದುರಿನಿಂದಲೂ ತಳದಿಂದಲೂ ಒಂದೇ ಅಂತರದಲ್ಲಿ ಫೋಟೋ ತೆಗೆದಿಟ್ಟರೆ ಈ ನಿರ್ಧಾರಕ್ಕೆ ನೆನಪನ್ನು ನಂಬಬೇಕಾಗಿಲ್ಲ. ಬದಲಿಸುವುದೇ ಆದರೆ ಹೊಸಬರ ಕೈಗೆ ಮೊದಲ ದಿನವೇ ಆ ಫೋಟೋಗಳನ್ನೂ ಎಕ್ಸ್‌ರೇಗಳನ್ನೂ ರಕ್ತ ಪರೀಕ್ಷೆಯ ವರದಿಗಳನ್ನೂ ಹಳೆಯ ಲಾಳದ ಒಂದು ಜೊತೆಯನ್ನೂ ಕೊಡಬಹುದು, ಲಾಳ ಎಲ್ಲಿ ಹೆಚ್ಚು ಸವೆದಿದೆ ಎಂಬುದು ಅವರಿಗೆ ಬೇಕಾಗುತ್ತದೆ.